ಮುರಿದ ಕಡ್ಡಿ, ಕರಗಿದ ಬಣ್ಣ

ಮಕ್ಕಳಿರುವ ಮನೆಯಲ್ಲಿ ಬಣ್ಣದ ಕಡ್ಡಿಯ ತುಂಡುಗಳಿಗೆ ಬರವೆಲ್ಲಿ? ಮಂಚದ ಕೆಳಗೆ, ಮೇಜಿನ ಮೂಲೆಯಲ್ಲಿ, ಒಮ್ಮೊಮ್ಮೆ ಅಕ್ಕಿಯ ಡಬ್ಬಿಯಲ್ಲಿಯೂ ಅವು ದೊರೆಯುವುದುಂಟು. ಬೆರಳಿಗೆ ಸಿಕ್ಕದ ಚೂರುಗಳನ್ನು ಕಸದೊಡನೆ ಗುಡಿಸಿಬಿಡುವುದು ನಮ್ಮೆಲ್ಲರ ವಾಡಿಕೆ. ಆದರೆ ತುಸು ಕಾವು ತಾಗಿದರೆ ಸಾಕು, ಅವಕ್ಕೆ ಮರುಜನ್ಮ ಬರುತ್ತದೆ.

ಕ್ರೇಯಾನ್ ಎಂಬುದು ಮೇಣ ಮತ್ತು ಬಣ್ಣದ ಪುಡಿಗಳ ಮಿಶ್ರಣ. 1903ರಲ್ಲಿ ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಸಂಸ್ಥೆಯು ಎಂಟು ಕಡ್ಡಿಗಳ ಕ್ರೇಯೋಲಾ ಪೆಟ್ಟಿಗೆಯನ್ನು ಐದು ಸೆಂಟುಗಳಿಗೆ ಮಾರಲಾರಂಭಿಸಿತು. ಮೇಣವನ್ನು ಕರಗಿಸಿ ಚಿತ್ರ ಬರೆಯುವ ವಿದ್ಯೆಯಾದರೋ ಬಹು ಪುರಾತನವಾದುದು. ಈಜಿಪ್ಟಿನ ಫಾಯೂಮ್ ಪ್ರಾಂತದಲ್ಲಿ ರೋಮನರ ಕಾಲದಲ್ಲಿ ಜೇನುಮೇಣದಿಂದ ಬರೆದ ಮುಖಚಿತ್ರಗಳು ಇಂದಿಗೂ ಜೀವಂತವಾಗಿವೆ. ಅಷ್ಟು ದೂರವೇಕೆ? ನಮ್ಮ ಚನ್ನಪಟ್ಟಣದ ಬೊಂಬೆಗಾರರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ.

ಕಳೆದ ಬೇಸಗೆಯ ರಜೆಯಲ್ಲಿ, ಬಂಗಾರಪೇಟೆಯ ನಮ್ಮ ಮನೆಯಲ್ಲಿ, ಐದು ವರ್ಷದ ಮಗಳೊಡನೆ ನಾನೂ ಈ ಆಟಕ್ಕೆ ಕುಳಿತೆ. ವಿಧಾನ ಸುಲಭ. ಕಡ್ಡಿಗಳಿಗೆ ಸುತ್ತಿದ ಕಾಗದವನ್ನು ಸುಲಿದು, ಮೆಂಡರಿನಿಂದ ಹೆರೆಯಬೇಕು. ಹೆರಕಲನ್ನು ದಪ್ಪ ಕಾಗದದ ಮೇಲೆ ತೆಳುವಾಗಿ ಉದುರಿಸಿ, ಬಟರ್ ಪೇಪರ್ ಮುಚ್ಚಿ, ಅದರ ಮೇಲೊಂದು ಹಳೆಯ ಬಟ್ಟೆ ಹಾಸಬೇಕು. ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಎತ್ತಬೇಕು. ಉಜ್ಜಿದರೆ ಬಣ್ಣಗಳೆಲ್ಲ ಕಲಸಿ ಕೆಸರಾದಾವು. ಬಿಸಿ ಪೂರ್ಣ ಆರುವ ಮೊದಲೇ ಮೇಲಿನ ಕಾಗದವನ್ನು ಮೆಲ್ಲನೆ ಬಿಡಿಸಿಕೊಳ್ಳಬೇಕು.

ಇಲ್ಲಿ ಮೀರಬಾರದ ನಿಯಮವೊಂದುಂಟು: ಬಣ್ಣ ಮಗುವಿನದು, ಕಾವು ಹಿರಿಯರದು. ಇಸ್ತ್ರಿಪೆಟ್ಟಿಗೆ ಮಗುವಿನ ಕೈಗೆ ಎಟುಕಕೂಡದು. ಮೇಣವನ್ನು ಒಲೆಯ ಉರಿಯ ಮೇಲೆ ನೇರವಾಗಿ ಇಡಕೂಡದು. ಅತಿಯಾಗಿ ಕಾದರೆ ಅದು ಹೊತ್ತಿಕೊಳ್ಳುತ್ತದೆ. ಕರಗಿದ ಮೇಣ ಚರ್ಮಕ್ಕೆ ಅಂಟಿ ಸುಡುತ್ತದೆ. ಕಿಟಕಿಗಳು ತೆರೆದಿರಲಿ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಗುಲಾಬಿ ಹೂವಿನ ಆಕಾರವನ್ನು ನಾನೇ ಬರೆದುಕೊಟ್ಟು, ಇಲ್ಲಿ ಕೆಂಪು, ಅಲ್ಲಿ ಹಸಿರು ಎಂದು ಹೇಳುತ್ತ ಕುಳಿತೆ. ಮಗು ಐದೇ ನಿಮಿಷದಲ್ಲಿ ಎದ್ದು ಹೋಯಿತು. ಮರುದಿನ ಬಾಯಿಮುಚ್ಚಿಕೊಂಡಿದ್ದೆ. ಅವಳು ಕಪ್ಪನ್ನೂ ಕಂದನ್ನೂ ದಟ್ಟವಾಗಿ ಉದುರಿಸಿ, ಯಾರೂ ಮುಟ್ಟದೆ ಇಡಿಯಾಗಿ ಉಳಿದಿದ್ದ ಬಿಳಿಯ ಕಡ್ಡಿಯನ್ನು ಹೆರೆದು ನಡುವೆ ಓರೆಯಾಗಿ ಸುರಿದಳು. ಇಸ್ತ್ರಿ ಒತ್ತಿ ತೆಗೆದಾಗ ಕಪ್ಪಿನ ನಡುವೆ ಬೆಳ್ಳನೆಯ ಪಟ್ಟೆಯೊಂದು ಹರಿದಿತ್ತು. ನನಗೆ ಅದರ ತಲೆಬುಡ ತಿಳಿಯಲಿಲ್ಲ.

ಅಂದು ಸಂಜೆ ಮಾರಿಕುಪ್ಪಂ ರೈಲಿನಲ್ಲಿ ನಮ್ಮ ತಂದೆಯವರು ಬಂದರು. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಗಣಿಯ ಮಾತೆತ್ತಿದರೆ, "ಮುಗಿಯಿತಲ್ಲಪ್ಪ, ಬಿಡು" ಎಂದು ಸುಮ್ಮನಾಗಿಬಿಡುತ್ತಿದ್ದರು. ಆ ಚಿತ್ರವನ್ನು ಕೈಗೆತ್ತಿಕೊಂಡವರು ಬಹಳ ಹೊತ್ತು ಕೆಳಗಿಡಲಿಲ್ಲ.

"ಕೆಳಗೆ ಬಂಡೆ ಹೀಗೇ ಇರ್ತಿತ್ತು, ಪುಟ್ಟಿ. ಕರೀ ಕಲ್ಲು, ನಡುವೆ ಬಿಳೀ ಪಟ್ಟೆ. ಚಿನ್ನ ಇರ್ತಿದ್ದುದು ಆ ಪಟ್ಟೆಯಲ್ಲೇ. ಕಣ್ಣಿಗೆ ಕಾಣ್ತಿದ್ದುದು ಮಾತ್ರ ಅಪರೂಪ."

"ಅಲ್ಲಿ ಸೆಖೆ ಇತ್ತಾ, ತಾತ?"

"ನಿನ್ನ ಈ ಕಡ್ಡಿ ಕರಗೋವಷ್ಟು!"

ಇದು ಬರಿಯ ಮಾತಿನ ಚಮತ್ಕಾರವಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಕ್ರೇಯಾನಿನ ಮೇಣ ಕರಗಲು ಹೆಚ್ಚುಕಡಿಮೆ ಅಷ್ಟೇ ಕಾವು ಸಾಕು. ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಹಾಯಿಸಿಯೇ ಅಲ್ಲಿ ಮನುಷ್ಯರು ದುಡಿಯಬೇಕಾಗಿತ್ತು. ಮೂವತ್ತು ವರ್ಷ ನಾನು ಕೇಳದೆ ಉಳಿದಿದ್ದ ಕಥೆಯನ್ನು ಅಂದು ರಾತ್ರಿ ಮೊಮ್ಮಗಳ ಪಕ್ಕದಲ್ಲಿ ಕುಳಿತು ನಾನೂ ಕೇಳಿದೆ.

ಆ ಚಿತ್ರವೀಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ನಿಮ್ಮ ಮನೆಯ ಮುರಿದ ಕಡ್ಡಿಗಳನ್ನೂ ಎಸೆಯಬೇಡಿ. ಮಗು ಬಣ್ಣ ಉದುರಿಸುವಾಗ, "ಇದೇನು?" ಎಂದು ಅವಸರಪಟ್ಟು ಕೇಳಲೂ ಬೇಡಿ. ಮನೆಯ ಹಿರಿಯರ ಮುಂದೆ ಚಿತ್ರವನ್ನು ಇಟ್ಟುನೋಡಿ. ಅದೇನೆಂಬುದನ್ನು ಅವರೇ ಹೇಳಿಯಾರು.