ಮೂರು ಬಾವುಟ ಏರಿದರೆ ಮನೆ ಬಿಡಿ

ಬಾಂಗ್ಲಾದೇಶದ ಕರಾವಳಿ ಹಳ್ಳಿಗಳಲ್ಲಿ ಚಂಡಮಾರುತದ ಮುನ್ಸೂಚನೆ ತಿಳಿಯಲು ಅಕ್ಷರ ಬರಬೇಕೆಂದಿಲ್ಲ. ಕಂಬದ ಮೇಲೆ ಒಂದು ಕೆಂಪು ಬಾವುಟ ಕಂಡರೆ ಎಚ್ಚರ. ಎರಡಾದರೆ ಅಪಾಯ ಹತ್ತಿರವಾಗಿದೆ, ಗಂಟುಮೂಟೆ ಕಟ್ಟಬೇಕು. ಮೂರಾದರೆ ದನಕರುಗಳ ಹಗ್ಗ ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು ಆಶ್ರಯ ಕಟ್ಟಡ ಸೇರಬೇಕು. ಬಾವುಟ ಏರಿಸುವವರು ಅದೇ ಊರಿನವರು. ಸಂಬಳವಿಲ್ಲದೆ ದುಡಿಯುವ ಇವರೆಲ್ಲ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದ, ಅಂದರೆ ‘ಸಿಪಿಪಿ’ಯ ಸ್ವಯಂಸೇವಕರು.

1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಆಗಿನ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದಾಗ ಸತ್ತವರು ಕನಿಷ್ಠ ಮೂರು ಲಕ್ಷ. ಬಿರುಗಾಳಿ ಬರುತ್ತಿರುವುದು ಉಪಗ್ರಹದ ಚಿತ್ರದಲ್ಲಿ ಕಂಡಿತ್ತು. ಆದರೆ ದ್ವೀಪಗಳ ಗುಡಿಸಲುಗಳಲ್ಲಿ ಏನು ಮಾಡಬೇಕೆಂದು ಹೇಳುವವರಿರಲಿಲ್ಲ. ಬಾಂಗ್ಲಾದೇಶ ಹುಟ್ಟಿದ ಮೇಲೆ 1972ರಲ್ಲಿ ರೆಡ್ ಕ್ರಾಸ್ ಸಂಸ್ಥೆ ಸಿಪಿಪಿಯನ್ನು ಶುರುಮಾಡಿತು. ಮರುವರ್ಷ ಸರ್ಕಾರವೂ ಕೈಜೋಡಿಸಿತು.

ವ್ಯವಸ್ಥೆ ಸರಳ. ಢಾಕಾದಿಂದ ಹೊರಟ ಸಂದೇಶ ರೇಡಿಯೊ ಮೂಲಕ ಕರಾವಳಿಯ ಕಚೇರಿಗಳಿಗೆ, ಅಲ್ಲಿಂದ ಊರಿನ ತಂಡಕ್ಕೆ ಮುಟ್ಟುತ್ತದೆ. ತಂಡದಲ್ಲಿ ಇಪ್ಪತ್ತು ಮಂದಿ. ಕೆಲವರು ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಕೆಲವರು ಆಶ್ರಯ ಕಟ್ಟಡ ನೋಡಿಕೊಳ್ಳುತ್ತಾರೆ. ಉಳಿದವರದು ರಕ್ಷಣೆ, ಪ್ರಥಮ ಚಿಕಿತ್ಸೆ, ಪರಿಹಾರದ ಕೆಲಸ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯಿದ್ದಾಳೆ, ಯಾರು ತುಂಬು ಗರ್ಭಿಣಿ ಎಂಬುದು ಇವರಿಗೆ ಗೊತ್ತಿರುತ್ತದೆ. ದೂರದ ಅಧಿಕಾರಿಯ ಮಾತಿಗೆ ಕದಲದವರು ಪಕ್ಕದ ಮನೆಯವರು ಬಂದು ಕರೆದರೆ ಏಳುತ್ತಾರೆ.

1991ರ ಏಪ್ರಿಲ್‌ನ ಚಂಡಮಾರುತ ಇನ್ನೊಂದು ಪಾಠ ಕಲಿಸಿತು. ಆಗ ಸತ್ತ ಸುಮಾರು 1.4 ಲಕ್ಷ ಜನರಲ್ಲಿ ಹೆಂಗಸರೇ ಹೆಚ್ಚು. 20ರಿಂದ 44 ವಯಸ್ಸಿನವರಲ್ಲಿ ಸಾವಿರಕ್ಕೆ 15 ಗಂಡಸರು ಸತ್ತರೆ, ಹೆಂಗಸರು 71. ಗಂಡನ ಅಪ್ಪಣೆಗೆ ಕಾದವರು, ಮಕ್ಕಳನ್ನು ಬಿಟ್ಟು ಓಡಲಾಗದವರು, ಗಂಡಸರು ತುಂಬಿದ ಕಟ್ಟಡಕ್ಕೆ ಹೋಗಲು ಹಿಂಜರಿದವರು ಮನೆಯಲ್ಲೇ ಉಳಿದಿದ್ದರು. ಈಗ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು. ಗಂಡಸು ಅಂಗಳದಾಚೆ ನಿಂತು ಕೂಗುವ ಕಡೆ ಹೆಂಗಸು ಅಡುಗೆಮನೆಯವರೆಗೂ ಹೋಗಿ ಮಾತಾಡಬಲ್ಲಳು.

ಇದರ ಫಲ ಕಣ್ಣೆದುರಿಗಿದೆ. 2007ರ ಸಿಡ್ರ್ ಚಂಡಮಾರುತದಲ್ಲಿ ಸುಮಾರು 3,400 ಜನ ಸತ್ತರು. 2020ರ ಮೇನಲ್ಲಿ ಅಂಫಾನ್ ಬಂದಾಗ ಕೊರೊನಾ ಕಾಲ. ಅಂತರ ಕಾಯ್ದುಕೊಳ್ಳಲು ಶಾಲೆಗಳನ್ನೂ ಸೇರಿಸಿ ಆಶ್ರಯತಾಣಗಳ ಸಂಖ್ಯೆಯನ್ನು 14,000ಕ್ಕೂ ಹೆಚ್ಚಿಗೆ ಏರಿಸಿ, ಸುಮಾರು 24 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಬಾಂಗ್ಲಾದೇಶದಲ್ಲಿ ಸತ್ತವರು ಮೂವತ್ತಕ್ಕಿಂತ ಕಡಿಮೆ. ಆಶ್ರಯತಾಣ, ಒಡ್ಡು, ಮುನ್ಸೂಚನೆ ಎಲ್ಲವೂ ಸುಧಾರಿಸಿದ್ದು ನಿಜ. ಆದರೆ ಜನರನ್ನು ಮನೆಯಿಂದ ಹೊರಡಿಸಿದವರು ಈ ಸ್ವಯಂಸೇವಕರೇ.

ಮುಂದಿನ ದಿನಗಳು ಇನ್ನೂ ಕಠಿಣ. ಬಂಗಾಳಕೊಲ್ಲಿ ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತದೆ. ಗಾಳಿ ತಳ್ಳಿದ ನೀರು ಅಲ್ಲಿ ಎತ್ತರಕ್ಕೆ ಏಳುತ್ತದೆ. ಸಮುದ್ರಮಟ್ಟ ಏರಿದಷ್ಟೂ ಆ ನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. 2009ರ ಐಲಾ ಚಂಡಮಾರುತದ ನಂತರ ನೈಋತ್ಯ ಭಾಗದ ಹೊಲ, ಕೆರೆಗಳಲ್ಲಿ ಉಪ್ಪು ವರ್ಷಗಟ್ಟಲೆ ಉಳಿಯಿತು. ಕುಡಿಯುವ ನೀರಿಗೂ ಪರದಾಟವಾಗಿ ಅನೇಕರು ಊರು ಬಿಟ್ಟರು. ಪ್ರಾಣ ಉಳಿಸುವ ವಿದ್ಯೆಯನ್ನು ಬಾಂಗ್ಲಾದೇಶ ಐವತ್ತು ವರ್ಷಗಳಲ್ಲಿ ಕಲಿತಿದೆ. ಬದುಕು ಉಳಿಸುವ ಹೊಣೆಯನ್ನು ಸ್ವಯಂಸೇವಕರ ಹೆಗಲಿಗೇ ಹೊರಿಸಿದರೆ ನ್ಯಾಯವಾಗದು. ಅದರಲ್ಲಿ ಇಂಗಾಲ ಉಗುಳಿದ ದೇಶಗಳ ಪಾಲೂ ಇದೆ.