ಮೀನುಗಾರನ ಅಂಕಿತ

ಉಗುರಿನಷ್ಟಗಲದ ಕೆಂಪು ಕಲ್ಲು. ಜಾತಿಯಲ್ಲಿ ಕಾರ್ನೀಲಿಯನ್. ಅದರಲ್ಲಿ ಕೊರೆದಿರುವುದು ಮದ್ಯದೇವತೆ ಬ್ಯಾಕಸ್‌ನ ದ್ರಾಕ್ಷಿ ಸುಗ್ಗಿ. ಮೇಲೆ ಎಳೆದು ಕಟ್ಟಿದ ಬಟ್ಟೆಯ ನೆರಳು, ಹಣ್ಣಿನ ಬುಟ್ಟಿ ಹೊರುವ ಹೆಂಗಸರು, ಕುಡಿಯುವವರು, ಮಕ್ಕಳು. ಇವರೆಲ್ಲ ನಿಂತ ನೆಲಗೆರೆಯ ಕೆಳಗೆ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ ಜಾಗದಲ್ಲಿ, ಒಬ್ಬ ಮೀನು ಹಿಡಿಯುತ್ತಿದ್ದಾನೆ. ಮೇಲಿನ ಸುಗ್ಗಿಗೂ ಅವನಿಗೂ ಏನೂ ಸಂಬಂಧವಿದ್ದಂತೆ ತೋರುವುದಿಲ್ಲ.

ಈ ಕಲ್ಲಿಗೆ ‘ಮೈಕೆಲ್ಯಾಂಜೆಲೊನ ಮುದ್ರೆ’ ಎಂದು ಹೆಸರು. ಆ ಮಹಾಶಿಲ್ಪಿಯ ಉಂಗುರದಲ್ಲಿತ್ತು ಎಂಬ ನಂಬಿಕೆಯಿಂದ ಬಂದದ್ದು. ಮುಂದೆ ಅದು ಫ್ರಾನ್ಸಿನ 14ನೇ ಲೂಯಿಯ ಸಂಗ್ರಹ ಸೇರಿತು. ವಿದ್ವಾಂಸರು ಅದನ್ನು ಪ್ರಾಚೀನ ಗ್ರೀಕರ ಕೆಲಸವೆಂದೇ ಕೊಂಡಾಡಿದರು. ಕೆಲವರು ಅಲೆಕ್ಸಾಂಡರನ ರತ್ನಶಿಲ್ಪಿ ಪಿರ್ಗೊಟೆಲಿಸನ ಹೆಸರನ್ನೇ ಹೇಳಿದರು. 1712ರಲ್ಲಿ ಬೋಡೆಲೊ ದ ಡೆರ್ವಾಲ್ ಎಂಬ ಪಂಡಿತ ಇದರಲ್ಲಿ ಅಥೆನ್ಸ್ ನಗರದ ಹಬ್ಬವೊಂದನ್ನು ಕಂಡು ಅದರ ಮೇಲೆ ಒಂದು ಪುಸ್ತಕವನ್ನೇ ಬರೆದ.

ಕಲ್ಲು ನಿಜಕ್ಕೂ ಯಾರ ಕೆಲಸವೆಂಬ ಗಂಟು ಬಿಚ್ಚಿದ್ದು ಎರಡು ಕಡೆಯಿಂದ. ಬುಟ್ಟಿ ಹೊರುವ ಹೆಂಗಸರಲ್ಲಿ ಒಬ್ಬಳು ತಲೆಬಾಗಿ ನಿಂತಿದ್ದಾಳೆ, ಇನ್ನೊಬ್ಬಳು ಅವಳ ತಲೆಯ ಮೇಲೆ ಹೊರೆ ಇಡುತ್ತಿದ್ದಾಳೆ. ಇದೇ ಜೋಡಿ ರೋಮಿನ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲೂ ಇದೆ. ಅಲ್ಲಿ ಅವರು ಬೈಬಲ್ ಕತೆಯ ಜೂಡಿತ್ ಮತ್ತು ಅವಳ ದಾಸಿ. ಹೊರೆ, ಶತ್ರು ಸೇನಾಪತಿ ಹೊಲೊಫರ್ನಿಸನ ಕಡಿದ ತಲೆ. ಉಂಗುರದ ಕಲ್ಲನ್ನು ನೋಡಿಯೇ ಮೈಕೆಲ್ಯಾಂಜೆಲೊ ಆ ಭಂಗಿಯನ್ನು ತೆಗೆದುಕೊಂಡ ಎಂದು ಹಳಬರು ನಂಬಿದ್ದರು. ಕಲ್ಲು ಪ್ರಾಚೀನವೆಂದು ಒಪ್ಪಿದ ಮೇಲೆ ಬೇರೆ ಉತ್ತರವೂ ಹೊಳೆಯದು. ಅದನ್ನೇ ತಿರುಗಿಸಿ ನೋಡಿದವರಿಗೆ ಬೇರೊಂದು ದಾರಿ ಕಂಡಿತು: ಚಾವಣಿಯನ್ನು ನೋಡಿ ಕಲ್ಲು ಕೊರೆದಿದ್ದರೆ? ಆ ಚಾವಣಿ ಮುಗಿದದ್ದು 1512ರಲ್ಲಿ. ಹಾಗಾದರೆ ಕಲ್ಲಿನ ಕೆತ್ತನೆ ಅಲ್ಲಿನ ಜೂಡಿತ್ ಚಿತ್ರಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ.

ಇನ್ನೊಂದು ಸುಳಿವು ಆ ಒಂಟಿ ಮೀನುಗಾರ. ಇಟಾಲಿಯನ್ನಿನಲ್ಲಿ ‘ಪೆಷೆ’ ಎಂದರೆ ಮೀನು. ಟಸ್ಕನಿಯಲ್ಲಿ ಪೆಷಾ ಎಂಬ ಊರಿದೆ. ಆ ಊರಿನ ರತ್ನಶಿಲ್ಪಿ ಪಿಯರ್ ಮರಿಯಾ ಸೆರ್ಬಾಲ್ದಿ, ಹತ್ತನೇ ಲಿಯೋ ಪೋಪ್ ಆಗಿದ್ದ ಕಾಲದವನು. ಪ್ರಾಚೀನರ ಶೈಲಿಯನ್ನು ಅನುಕರಿಸುವುದರಲ್ಲಿ ಇವನದು ಪಳಗಿದ ಕೈ ಎಂದು ಕಲಾವಿದರ ಚರಿತ್ರೆ ಬರೆದ ವಸಾರಿ ಮೆಚ್ಚಿದ್ದಾನೆ. ಫ್ಲಾರೆನ್ಸ್‌ನಲ್ಲಿರುವ ತನ್ನ ಕೆಂಗಲ್ಲಿನ ವೀನಸ್ ಮೂರ್ತಿಯ ಮೇಲೆ ಅವನು ಗ್ರೀಕ್ ಅಕ್ಷರಗಳಲ್ಲಿ ಹೆಸರು ಕೊರೆದಿದ್ದಾನೆ. ಇಲ್ಲಿ ಅಕ್ಷರಗಳಿಲ್ಲ. ಊರಿನ ಹೆಸರನ್ನೇ ಚಿತ್ರವಾಗಿಸಿ ಅಂಕಿತ ಹಾಕಿದ ಎಂದು ಊಹಿಸಲಾಗಿದೆ.

ಆ ಅಂಕಿತ ಹಾಕುವ ಕೆಲಸ ಎಂಥದು ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕಾರ್ನೀಲಿಯನ್ನಿನ ಮೇಲೆ ಉಕ್ಕಿನ ಉಳಿ ನಾಟುವುದಿಲ್ಲ. ತಿರುಗುವ ಸಣ್ಣ ಮೊನೆಗೆ ಎಣ್ಣೆಯಲ್ಲಿ ಕಲಸಿದ ಕುರಂದದ ಪುಡಿ ಹಚ್ಚಿ, ಕೂದಲೆಳೆಯಷ್ಟೇ ಸವೆಸುತ್ತ ಹೋಗಬೇಕು. ಕೊರೆಯುವುದೆಲ್ಲ ತಿರುವುಮುರುವು, ಎಡಗೈ ಬಲಗೈಯಾಗಿ ಮೂಡಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಮೇಣದ ಮೇಲೆ ಒತ್ತಿ ನೋಡಬೇಕು. ತಪ್ಪಿದ ಗೆರೆಯನ್ನು ತುಂಬಿ ಸರಿಪಡಿಸುವ ಉಪಾಯವಿಲ್ಲ. ಇಷ್ಟು ಮಾಡಿದವನನ್ನು ಬಿಟ್ಟು ಪಂಡಿತರು ಕೀರ್ತಿಯನ್ನು ಅಲೆಕ್ಸಾಂಡರನ ಕಾಲಕ್ಕೆ ಒಯ್ದರು. ಪ್ರಾಚೀನವಾದರೇ ಶ್ರೇಷ್ಠ ಎಂಬ ಮೋಹ ಕಣ್ಣನ್ನು ಮೇಲಿನ ಸುಗ್ಗಿಯಲ್ಲೇ ಹಿಡಿದಿಟ್ಟಿತು.

ಕಲ್ಲು ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದ ನಾಣ್ಯ ಮತ್ತು ಪದಕಗಳ ವಿಭಾಗದಲ್ಲಿದೆ. ಇಂದಿಗೂ ಮೈಕೆಲ್ಯಾಂಜೆಲೊನ ಹೆಸರಿನಿಂದಲೇ ಪ್ರಸಿದ್ಧ. ಅದರ ಚಿತ್ರ ನಿಮ್ಮ ಕಣ್ಣಿಗೆ ಬಿದ್ದರೆ ಬ್ಯಾಕಸ್‌ನ ಸುಗ್ಗಿಗಿಂತ ಮೊದಲು ಕೆಳಗಿನ ಮೀನುಗಾರನನ್ನು ಹುಡುಕಿ.