ದೂರದಿಂದ ಗಣಕಯಂತ್ರ ನಡೆಸುವ ತಂತ್ರಾಂಶ: ಯಾವುದನ್ನು ಆಯ್ದುಕೊಳ್ಳಬೇಕು?

ಗಣಕಯಂತ್ರವಿರುವುದು ಊರಮನೆಯಲ್ಲಿ, ಅದರ ಮರ್ಮವನ್ನು ಬಲ್ಲ ಮಗನೋ ಮಗಳೋ ಇರುವುದು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಅಥವಾ ಕೊಲ್ಲಿಯ ನಾಡುಗಳಲ್ಲಿ. ಗಡಿನಾಡಿನ ನಮ್ಮ ಎಷ್ಟೋ ಕುಟುಂಬಗಳ ಸ್ಥಿತಿ ಇದು. ಪ್ರಿಂಟರ್ ಕೈಕೊಟ್ಟಾಗ "ಅಪ್ಪಾ, ಮೇಲಿನ ಎಡ ಮೂಲೆಯಲ್ಲಿ ಏನು ಕಾಣುತ್ತದೆ ಹೇಳಿ" ಎಂದು ದೂರವಾಣಿಯಲ್ಲಿ ಅರ್ಧ ಗಂಟೆ ಕಳೆಯುವುದಕ್ಕಿಂತ, ಮನೆಯ ಪರದೆಯನ್ನು ಅಲ್ಲಿಂದಲೇ ನೋಡಿ ಸರಿಪಡಿಸುವುದು ಸುಲಭವಲ್ಲವೇ? ಅದಕ್ಕೆ ಬೇಕಾದ ತಂತ್ರಾಂಶಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಯಾವುದು ವೇಗವಾದುದೆಂದು ಕೇಳುವವರೇ ಹೆಚ್ಚು. ಮನೆಯ ಕೀಲಿಕೈ ಯಾರ ಬಳಿಯಲ್ಲಿ ಉಳಿಯುತ್ತದೆಂಬುದನ್ನು ಮೊದಲು ಕೇಳತಕ್ಕದ್ದು.

ಇವುಗಳ ತತ್ತ್ವ ಸರಳವಾದುದು. ಪರದೆಯ ಮೇಲೆ ಬದಲಾದ ಭಾಗದ ಚಿತ್ರವು ಅತ್ತ ಹೋಗುತ್ತದೆ. ಅಲ್ಲಿ ಒತ್ತಿದ ಕೀಲಿ ಮತ್ತು ಮೌಸಿನ ಚಲನೆ ಇತ್ತ ಬರುತ್ತವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿ.ಎನ್.ಸಿ. ಈ ಕ್ರಮವನ್ನು ಜನಪ್ರಿಯಗೊಳಿಸಿತು. ಆ ಸಂಶೋಧನಾಲಯವು 2002ರಲ್ಲಿ ಮುಚ್ಚಿತಾದರೂ ವಿ.ಎನ್.ಸಿ. ಉಳಿದುಕೊಂಡಿದೆ.

ವಿಂಡೋಸಿನಲ್ಲಿಯೇ ಅಡಕವಾಗಿರುವ ರಿಮೋಟ್ ಡೆಸ್ಕ್‌ಟಾಪ್ ಒಂದು ಕಚೇರಿಯ ಒಳಗಿನ ಬಳಕೆಗೆ ಬಹಳ ಚೆನ್ನಾದುದು. ಆದರೆ ಮನೆಗಳಲ್ಲಿ ಸಾಮಾನ್ಯವಾಗಿರುವ ಹೋಮ್ ಆವೃತ್ತಿಯ ಗಣಕಯಂತ್ರವನ್ನು ಇದರಿಂದ ದೂರದಲ್ಲಿದ್ದು ನಡೆಸಲು ಬರುವುದಿಲ್ಲ; ಪ್ರೊ ಆವೃತ್ತಿ ಬೇಕು. ಮೇಲಾಗಿ ಮಗನು ಅಲ್ಲಿಂದ ಒಳಬಂದೊಡನೆ ಇಲ್ಲಿನ ಪರದೆಗೆ ಬೀಗ ಬೀಳುವುದರಿಂದ, ಅವನು ಮಾಡುವುದನ್ನು ತಂದೆಯು ನೋಡಿ ಕಲಿಯುವಂತಿಲ್ಲ. ಇದಕ್ಕಾಗಿ ಮನೆಯ ರೂಟರಿನಲ್ಲಿ 3389ನೆಯ ದ್ವಾರವನ್ನು ಲೋಕಕ್ಕೆಲ್ಲ ತೆರೆದಿಡುವವರೂ ಇದ್ದಾರೆ. ಅದಂತೂ ಕೂಡದು, ಇಂಥ ದ್ವಾರಗಳನ್ನು ಹುಡುಕುತ್ತ ಗುಪ್ತಪದಗಳನ್ನು ಊಹಿಸಿ ನೋಡುವ ಯಂತ್ರಗಳು ಹಗಲಿರುಳು ದುಡಿಯುತ್ತಿರುತ್ತವೆ.

ಟೀಮ್‌ವ್ಯೂವರ್, ಎನಿಡೆಸ್ಕ್ ಎಂಬ ಜರ್ಮನಿಯ ತಂತ್ರಾಂಶಗಳು ಬೇರೆ ದಾರಿಯನ್ನು ಹಿಡಿದಿವೆ. ಎರಡೂ ಕಡೆಯ ಯಂತ್ರಗಳು ಕಂಪನಿಯ ಸರ್ವರಿಗೆ ತಾವಾಗಿಯೇ ಕರೆ ಕಳುಹಿಸುತ್ತವೆ. ಅದು ಮಧ್ಯಸ್ಥನಂತೆ ಅವೆರಡನ್ನೂ ಸೇರಿಸುತ್ತದೆ. ಆದುದರಿಂದ ರೂಟರನ್ನು ಮುಟ್ಟಬೇಕಾಗಿಲ್ಲ. ಸ್ವಂತ ಬಳಕೆಗೆ ಹಣ ಕೊಡಬೇಕಾಗಿಲ್ಲವಾದರೂ, ಅಂಗಡಿಯ ಅಥವಾ ಸಂಘದ ಕೆಲಸಕ್ಕೆ ಪರವಾನಗಿ ಕೊಳ್ಳಬೇಕು. ಮಧ್ಯಸ್ಥನನ್ನು ನಂಬಬೇಕಾಗುವುದು ಇಲ್ಲಿನ ತೊಡಕು. ತನ್ನ ವ್ಯವಸ್ಥೆಗೆ ಕಳ್ಳರು ನುಗ್ಗಿದ್ದರೆಂದು ಎನಿಡೆಸ್ಕ್ ಕಂಪನಿಯು 2024ರ ಫೆಬ್ರುವರಿಯಲ್ಲಿ ತಾನೇ ಪ್ರಕಟಿಸಿತು. ಪರಾವಲಂಬನೆ ಬೇಡವೆನ್ನುವ ಸಂಸ್ಥೆಗಳು ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ನಡೆಸಬಹುದು. ಮನೆಗೆ ಅಷ್ಟು ಸಾಹಸ ಬೇಡ.

ಹಿರಿಯರಿರುವ ಮನೆಗೆ ನನ್ನ ಒಲವು ವಿಂಡೋಸ್ 10 ಮತ್ತು 11ರಲ್ಲಿ ದೊರೆಯುವ ಕ್ವಿಕ್ ಅಸಿಸ್ಟ್ ಕಡೆಗೆ. ನೆರವಾಗುವವರು ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಒಂದು ಸಂಕೇತವನ್ನು ಪಡೆದು ಅದನ್ನು ದೂರವಾಣಿಯಲ್ಲಿ ಹೇಳಬೇಕು. ಮನೆಯವರು ಅದನ್ನು ಬರೆದು, ಅನುಮತಿಯ ಗುಂಡಿಯನ್ನು ಒತ್ತಬೇಕು. ಸಂಕೇತಕ್ಕೆ ಕೆಲವೇ ನಿಮಿಷಗಳ ಆಯುಷ್ಯ. ಕೆಲಸ ಮುಗಿದು ಸಂಪರ್ಕ ಕಡಿದ ಮೇಲೆ ಬಾಗಿಲು ಮುಚ್ಚಿತೆಂದೇ ಅರ್ಥ. ಹೊಸ ತಂತ್ರಾಂಶವನ್ನು ಸ್ಥಾಪಿಸುವಂಥ ಸಂದರ್ಭದಲ್ಲಿ ಯಂತ್ರವು ಒಪ್ಪಿಗೆ ಕೇಳಿದಾಗ ದೂರದವರಿಗೆ ಪರದೆ ಕಪ್ಪಾಗಿ ಕಾಣುತ್ತದೆ. ಹೌದೋ ಅಲ್ಲವೋ ಎಂಬುದನ್ನು ಇಲ್ಲಿ ಕುಳಿತವರೇ ಒತ್ತಬೇಕು. ಇದನ್ನು ಕೆಲವರು ಕೊರತೆಯೆನ್ನುತ್ತಾರೆ. ನನಗಾದರೋ ಇದೇ ಅದರ ಗುಣವಾಗಿ ತೋರುತ್ತದೆ.

ಏಕೆಂದರೆ ಮಗನಿಗೆ ತೆರೆಯುವ ಬಾಗಿಲು ಕಳ್ಳನಿಗೂ ತೆರೆದೀತು. ಬ್ಯಾಂಕಿನವರೆಂದು ಹೇಳಿಕೊಂಡು, ನಯವಾದ ಮಾತಿನಲ್ಲಿ ಇಂಥದೊಂದು ತಂತ್ರಾಂಶವನ್ನು ಫೋನಿಗೆ ಹಾಕಿಸಿ, ಒಂಬತ್ತಂಕಿಯ ಗುರುತುಸಂಖ್ಯೆಯನ್ನು ಕೇಳಿ ಪಡೆದು, ಪರದೆಯ ಮೇಲೆ ಬರುವ ಒ.ಟಿ.ಪಿ.ಯನ್ನು ಓದಿ ಹಣ ಸೆಳೆಯುವ ವಂಚನೆಯ ಕುರಿತು 2019ರಲ್ಲಿಯೇ ರಿಜರ್ವ್ ಬ್ಯಾಂಕು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಯಾವ ಬ್ಯಾಂಕಿಗೂ ನಿಮ್ಮ ಪರದೆಯನ್ನು ನೋಡುವ ಅಗತ್ಯವಿಲ್ಲ. ನೀವಾಗಿ ಕರೆದ ಪರಿಚಿತರಿಗಲ್ಲದೆ, ತಾವಾಗಿ ಕರೆ ಮಾಡಿದ ಯಾರಿಗೂ ಸಂಖ್ಯೆಯನ್ನು ಹೇಳಕೂಡದು. ಮೋಸಹೋದುದು ತಿಳಿದೊಡನೆ ಅಂತರ್ಜಾಲದ ಸಂಪರ್ಕವನ್ನು ಕಡಿದು ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು.

ಯಾರೂ ಇಲ್ಲದ ಕಚೇರಿಯ ಯಂತ್ರಕ್ಕೆ ಮಾತ್ರ ಶಾಶ್ವತ ಗುಪ್ತಪದವನ್ನಿಡುವುದು ಅನಿವಾರ್ಯ. ಅದು ಉದ್ದವಾಗಿರಲಿ, ಎರಡನೆಯ ಹಂತದ ಪರಿಶೀಲನೆಯೂ ಜೊತೆಗಿರಲಿ.

ಅಂತರ್ಜಾಲ ಮಂದವಾಗಿರುವ ಊರುಗಳಲ್ಲಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿದರೆ ಕೆಲಸ ಸಾಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ತೇ ಹೋದರೆ ಯಾವ ತಂತ್ರಾಂಶವೂ ನೆರವಾಗದು. ಇನ್ನೊಂದು ಮಾತು: ದೂರದಿಂದ ಕನ್ನಡ ಬೆರಳಚ್ಚಿಸುವಾಗ ಎರಡೂ ಯಂತ್ರಗಳಲ್ಲಿ ಕನ್ನಡದ ಕೀಲಿಮಣೆಯನ್ನು ಚಾಲೂ ಮಾಡಿದರೆ ಅಕ್ಷರಗಳು ಕಲಸಿಹೋಗುವ ಸಂಭವವುಂಟು, ಒಂದು ಕಡೆಯಲ್ಲಿ ಅದನ್ನು ಆರಿಸಿಬಿಡುವುದು ಲೇಸು.